ದೈತ್ಯನ ಪಾದಕ್ಕೆ ಕೌದಿ

ನಾನು ಗಜೇಂದ್ರಗಡದಲ್ಲಿ ಟೇಲರ್. ರೋಣದಿಂದ ನರಗುಂದದವರೆಗೆ ಹುಡುಕಿದರೂ ನನ್ನಂತೆ ಬ್ಲೌಸು ಹೊಲಿಯುವವರು ಸಿಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ, ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ. ಇಂಥ ನಾನು ಒಮ್ಮೆ ಒಬ್ಬ ದೈತ್ಯನಿಗೆ ಚರ್ಮ ಹೊಲಿಸಿಕೊಟ್ಟೆ. ಹೊಲಿದವನು ನಾನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಸೂಡಿಯ ಹೆಂಗಸರು ನನ್ನನ್ನು ಊರೊಳಗೆ ಬಿಡುವುದಿಲ್ಲ.

ಆ ವರ್ಷ ನಮ್ಮೂರ ಗುಡ್ಡದ ಮೇಲೆ ಭಾರೀ ಸಿನಿಮಾದವರು ಬಂದಿಳಿದರು. ಸಾಲು ಸಾಲು ಲಾರಿ, ಜನರೇಟರ್, ದೊಡ್ಡ ಕ್ರೇನು. ಬೆಟ್ಟದೆತ್ತರದ ದೈತ್ಯನೊಬ್ಬ ನೆಲದೊಳಗಿಂದ ಎದ್ದು ಬಂದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಬ್ಬಿನ ಜಲ್ಲೆ ಮುರಿದಂತೆ ಮುರಿದು ಹಾಕುತ್ತಾನೆ, ಊರ ಜನ ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ, ಇದು ಕಥೆ. ಓಡುವ ಜನರೆಂದರೆ ನಾವೇ. ಸಿನಿಮಾದವರ ಬಟ್ಟೆಗಳ ರಿಪೇರಿ ಕೆಲಸ ನನಗೆ ಸಿಕ್ಕಿತು. ಟೇಪು ಕೊರಳಿಗೆ ಹಾಕಿಕೊಂಡು ನಾನೂ ಗುಡ್ಡ ಹತ್ತಿದೆ.

ದೈತ್ಯನನ್ನು ನೋಡಬೇಕೆಂದು ಹೋದವನಿಗೆ ಕಂಡದ್ದು ಒಂದು ಉದ್ದ ಗಳ, ಅದರ ತುದಿಗೆ ಒಂದು ಕೇಸರಿ ಚೆಂಡು. ಆ ಚೆಂಡೇ ದೈತ್ಯನ ಮುಖವಂತೆ. ಉಳಿದ ಮೈಯನ್ನೆಲ್ಲ ಆಮೇಲೆ ಕಂಪ್ಯೂಟರಿನಲ್ಲಿ ತುಂಬುತ್ತಾರಂತೆ. ನಿರ್ದೇಶಕರು ಮೈಕು ಹಿಡಿದು "ಬಂದ! ಓಡಿ!" ಎಂದು ಕೂಗಿದರೆ ನಮ್ಮ ಜನ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಯಾರು ಬಂದರೆಂದು ನೋಡುತ್ತಿದ್ದರು. ಜಕ್ಕಲಿಯಿಂದ ಬಂದಿದ್ದ ರೈತನೊಬ್ಬ ಕೈ ಮುಗಿದೇ ಕೇಳಿದ: "ಸಾಹೇಬ್ರ, ಚೆಂಡಿಗೆ ಅಂಜಿ ಓಡಂದ್ರ ಹ್ಯಾಂಗ್ರಿ? ನಮ್ಮ ಹೊಲಕ್ಕ ಹಂದಿ ಬಂದ್ರ ನಾವ ಅದರ ಬೆನ್ನ ಹತ್ತತೀವಿ."

ಕಡೆಗೆ ಓಡಿದರು. ಆದರೆ ಓಡುವವರು ಬಿದ್ದ ಮುದುಕಿಯನ್ನು ಎಬ್ಬಿಸಲು ನಿಂತರು, ಯಾರದೋ ಉದುರಿದ ಚಪ್ಪಲಿಯನ್ನು ಎತ್ತಿ "ಯಾರದ್ರಿ ಇದು" ಎಂದು ವಿಚಾರಿಸಿದರು. ನಿರ್ದೇಶಕರು ಟೋಪಿ ತೆಗೆದು ನೆಲಕ್ಕೆ ಬಡಿದರು. ಅದನ್ನೂ ಒಬ್ಬರು ಎತ್ತಿ, ಧೂಳು ಝಾಡಿಸಿ ಕೊಟ್ಟರು.

ದೈತ್ಯನ ಮೈಯಲ್ಲಿ ನಿಜವಾಗಿ ಮಾಡಿಸಿದ್ದು ಒಂದೇ ಅಂಗ, ಎಡಪಾದ. ನಾಯಕಿ ಅದರ ಹಿಂದೆ ಅಡಗಿ ಕೂರುವ ದೃಶ್ಯವಿತ್ತು. ಮುಂಬೈಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸ್ಪಂಜು ತುಂಬಿ, ಮೇಲೆ ರಬ್ಬರಿನ ಚರ್ಮ ಹೊದಿಸಿ ತಂದಿದ್ದರು. ಎರಡು ಎತ್ತಿನ ಗಾಡಿ ಒಟ್ಟಿಗೆ ನಿಲ್ಲಿಸಿದಷ್ಟು ದೊಡ್ಡದು, ಮೂರು ಬೆರಳು. ನಮ್ಮ ಗುಡ್ಡದ ಬಿಸಿಲು, ಗಾಳಿ ಅದಕ್ಕೆ ಹೊಸದು. ಮೂರನೇ ದಿನಕ್ಕೆ ಚರ್ಮ ಸೀಳಿಕೊಂಡು ಸ್ಪಂಜು ಹೊರಗೆ ಬಂತು.

ಕಲಾ ವಿಭಾಗದಲ್ಲಿ ಬೆಂಗಳೂರಿನ ಒಬ್ಬ ಹುಡುಗಿ ಇದ್ದಳು. ಹರಿದ ರಬ್ಬರು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಸರ್, ಇದನ್ನ ಹೊಲಿಯೋಕಾಗುತ್ತಾ? ಹೊಸದು ಬರೋಕೆ ಹದಿನೈದು ದಿನ ಬೇಕು. ನಾಯಕಿ ಇರೋದು ಇನ್ನು ನಾಲ್ಕೇ ದಿನ." ನಾನು ಗತ್ತಿನಿಂದ ಮಷೀನಿಗೆ ಕೊಟ್ಟೆ. ಮೂರು ಸೂಜಿ ಮುರಿದವು. ನಾಲ್ಕನೆಯದು ಹಾಕುವಾಗ ಆಕೆಯ ಕಣ್ಣು ನಾನು ಕೂತಿದ್ದ ಸ್ಟೂಲಿನ ಮೇಲೆ ಬಿತ್ತು. ಅದರ ಮೇಲೆ ಒಂದು ಹಳೇ ಕೌದಿ ಮಡಿಸಿ ಹಾಕಿದ್ದೆ. ಆಕೆ ಅದರ ಅಂಚಿನ ಮೇಲೆ ಬೆರಳಾಡಿಸಿದಳು. "ಈ ಹೊಲಿಗೆ ಗೆರೆ ನೋಡಿ, ಮಧ್ಯೆ ಮಧ್ಯೆ ಸುಕ್ಕು... ಆನೆ ಚರ್ಮದ ಥರಾನೇ ಇದೆ ಸರ್! ಯಾರು ಹೊಲಿದಿದ್ದು?"

ಹೊಲಿದದ್ದು ಸೂಡಿಯಲ್ಲಿರುವ ನನ್ನ ದೊಡ್ಡವ್ವ, ನನ್ನವ್ವನ ಅಕ್ಕ. ನಾನು ಆಕೆಯನ್ನು ಒಂದು ಮಾತೂ ಕೇಳದೆ, "ಮೂರ ದಿನದಾಗ ಪಾದದ ಅಳತಿಗೆ ಕೌದಿ ಕೊಡ್ತೀನ್ರಿ" ಎಂದುಬಿಟ್ಟೆ. ನನ್ನ ನಾಲಿಗೆ ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆ.

ಹುಡುಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸೂಡಿಗೆ ಹೋದೆ. ದೊಡ್ಡವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆ: "ದೊಡ್ಡವ್ವ, ನಿನ್ನ ಹೊಲಿಗಿ ಸಿನಿಮಾದಾಗ ಬರ್ತೈತಿ! ಇಡೀ ಜಗತ್ತ ನೋಡ್ತೈತಿ!" ಓಣಿಯ ಬಾಗಿಲುಗಳೆಲ್ಲ ತೆರೆದವು. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟ ದಿನದಾಗ ಅಂತ ಹೇಳಿ ಬಂದೀ?" ಎಂದಳು. ಮೂರು ಎಂದೆ. ತಲೆ ತಲೆ ಬಡಿದುಕೊಂಡಳು. ಆಮೇಲೆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ತಾಸುಗಟ್ಟಲೆ ಅದೇನೋ ವಿಚಾರಿಸಿದಳು. ನಾನು ಅಷ್ಟರಲ್ಲಿ ಓಣಿಯಲ್ಲಿ ಪ್ರಚಾರ ಮಾಡುತ್ತಿದ್ದೆ.

ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ. ಗುಡಿಯ ಮುಂದಿನ ಬಯಲಿನಲ್ಲಿ ಆರು ಹೆಂಗಸರು ಸುತ್ತ ಕೂತರು. ನಾನು ಮೇಲ್ವಿಚಾರಣೆ ಮಾಡಿದೆ, ಅಂದರೆ ಬೈಸಿಕೊಂಡೆ. "ಹೊಲಿಗಿ ಸೊಟ್ಟ ಆಗ್ಯಾವು" ಎಂದದ್ದಕ್ಕೆ ದೊಡ್ಡವ್ವ, "ನಿನ್ನ ಮಷೀನ ಹೊಲಿಗಿ ಒಂದ ಎಳಿ ಬಿಚ್ಚಿದ್ರ ಸರ್ರ್ ಅಂತ ಪೂರಾ ಬಿಚ್ಚತಾವು. ಸುಮ್ಮನ ಚಾ ತಗೊಂಡ ಬಾ" ಎಂದಳು.

ಎರಡನೆಯ ದಿನ ಬಟ್ಟೆ ಸಾಲದಾಯಿತು. ಓಣಿಯ ಹಳೇ ಸೀರೆಗಳೆಲ್ಲ ಮುಗಿದಿದ್ದವು. ಹಿಮ್ಮಡಿಯ ಭಾಗ ಇನ್ನೂ ಬರಿದಾಗಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ದೊಡ್ಡವ್ವನ ತೊಡೆಯ ಮೇಲೆ ಆಯಿಯ ಸೀರೆ ಇತ್ತು. ಆಯಿ ಎಂದರೆ ಆಕೆಯ ಅವ್ವ, ನನ್ನ ಅಜ್ಜಿ. ಹಸಿರು ಒಡಲಿನ, ಕೆಂಪು ಸೆರಗಿನ ಆ ಒಂದೇ ಸೀರೆ ಟ್ರಂಕಿನಲ್ಲಿ ಉಳಿದಿತ್ತು. ಅದನ್ನು ಒಳಗಿಟ್ಟು ತನಗೊಂದು ಕೌದಿ ಹೊಲಿದುಕೊಂಡು, ಮುಪ್ಪಿನ ಚಳಿಗೆ ಅವ್ವನ ಸೀರೆಯೊಳಗೇ ಮಲಗಬೇಕು ಎಂದು ದೊಡ್ಡವ್ವ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು.

"ದೊಡ್ಡವ್ವ, ಇದ ಬ್ಯಾಡ" ಎಂದೆ.

ಆಕೆ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಟರ್ ಎಂದು ಹರಿದಳು. "ಇಡೀ ಜಗತ್ತ ನೋಡ್ತೈತಿ ಅಂದೆಲ್ಲ" ಎಂದಳು. ನನಗೆ ಸಂಕಟವಾಯಿತು, ಜೊತೆಗೆ ಹೆಮ್ಮೆಯೂ ಆಯಿತು.

ಕೌದಿ ಮುಗಿಸುವಾಗ ನಮ್ಮಲ್ಲಿ ಒಂದು ಪದ್ಧತಿಯಿದೆ. ಕೊನೆಯಲ್ಲಿ ಒಂದು ಕಡೆ ಬಾಯಿ ಬಿಟ್ಟು, ಒಳಗೆ ಹೋಳಿಗೆಯ ಒಂದು ಚೂರು ಇಟ್ಟು ಹೊಲಿದುಬಿಡುತ್ತಾರೆ. ಕೌದಿಯ ಹೊಟ್ಟೆ ತುಂಬಿರಬೇಕು, ಉಪವಾಸದ ಕೌದಿ ಹೊದ್ದರೆ ನಿದ್ದೆ ಹತ್ತುವುದಿಲ್ಲ ಎಂದು ನಂಬಿಕೆ. ಮಾಮೂಲಿ ಕೌದಿಗೆ ಒಂದು ಚೂರು ಸಾಕು. ಇದು ದೈತ್ಯ. ದೊಡ್ಡವ್ವ ನಾಲ್ಕು ಇಡೀ ಹೋಳಿಗೆಗೆ ತುಪ್ಪ ಸವರಿ, ಹಿಮ್ಮಡಿಯ ಹತ್ತಿರ ಆಯಿಯ ಸೀರೆಯ ಪದರಿನೊಳಗೆ ಇಟ್ಟು ಹೊಲಿದಳು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಎರಡು ಸಾಕಾಗುತ್ತದೆಯೇ ಎಂದು ಆಕೆ ಕೇಳಿದಾಗ ನಾಲ್ಕಿಡು ಎಂದವನು ನಾನೇ.

ಕೌದಿಯನ್ನು ಗುಡ್ಡಕ್ಕೆ ಒಯ್ದು, ಪಾದಕ್ಕೆ ಬಿಗಿದು, ಬೂದಿ ಬಣ್ಣ ಹೊಡೆದರು. ಹುಡುಗಿ ಕುಣಿದಾಡಿದಳು. ಆ ಖುಷಿಯಲ್ಲೇ ನನಗೆ ಹೇಳಿದಳು: "ಥ್ಯಾಂಕ್ಸ್ ಸರ್. ಇದು ಮುಟ್ಟೋಕೆ, ನೆರಳು ಬೀಳೋಕೆ ಅಷ್ಟೇ. ಆಮೇಲೆ ಇದನ್ನೆಲ್ಲ ಅಳಿಸಿ ಕಂಪ್ಯೂಟರಿನ ಪಾದ ಹಾಕ್ತಾರೆ." ನಾನು ಹಿಂತಿರುಗಿ ನೋಡಿದೆ. ಸ್ವಲ್ಪ ದೂರದಲ್ಲಿ ದೊಡ್ಡವ್ವ ಓಣಿಯ ಹೆಂಗಸರೊಂದಿಗೆ ನಿಂತಿದ್ದಳು. ಸೀರೆ ಆಗಲೇ ಹರಿದಾಗಿತ್ತು. ಅಳಿಸುವ ವಿಷಯ ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ನಾಯಕಿ ಪಾದದ ಹಿಂದೆ ಮುದುಡಿ ಕೂತಳು. ಅವಳಿಗಿಂತ ಮೊದಲೇ ಗುಡ್ಡದ ಕೆಂಪಿರುವೆಗಳಿಗೆ ಹೋಳಿಗೆಯ ಸುದ್ದಿ ಮುಟ್ಟಿತ್ತು. ಕ್ಯಾಮೆರಾ ಶುರುವಾದದ್ದೇ ತಡ, ಅವಳು ಕಿಟಾರನೆ ಕಿರುಚಿ ದಿಕ್ಕೆಟ್ಟು ಓಡಿದಳು. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಇಷ್ಟು ದಿನದಲ್ಲಿ ಖರೇ ಹೆದರಿದವಳು ಅವಳೊಬ್ಬಳೇ. ಆಮೇಲೆ ಇರುವೆ ಕಂಡವು, ಇರುವೆಯ ಸಾಲು ಹಿಡಿದು ಹೋದರೆ ಉಬ್ಬು ಕಂಡಿತು.

"ಇದೇನಿದು? ಕತ್ತರಿಸಿ ತೆಗೀರಿ" ಎಂದರು ನಿರ್ದೇಶಕರು.

ದೊಡ್ಡವ್ವ ಅಡ್ಡ ನಿಂತಳು. "ಮುಟ್ಟಬ್ಯಾಡ್ರಿ. ಅದರ ಹೊಟ್ಟಿ ಅದು."

"ಹೊಟ್ಟೆ ಪಾದದಲ್ಲಿ ಇರುತ್ತೇನಮ್ಮಾ?"

"ನೀವ ಪಾದ ಒಂದ ತಂದೀರಿ. ಮ್ಯಾಲಿನ ಹೊಟ್ಟಿ ನಾ ಎಲ್ಲಿಂದ ತರ್ಲಿ?"

ನಿರ್ದೇಶಕರು ಗಡಿಯಾರ ನೋಡಿಕೊಂಡರು. ಹೊತ್ತು ಇಳಿಯುತ್ತಿತ್ತು, ವಾದಕ್ಕೆ ಪುರುಸೊತ್ತಿರಲಿಲ್ಲ. ಉಬ್ಬು ಉಳಿಯಿತು. ಕೊನೆಗೆ ಹುಡುಗಿ ಒಂದು ಸಣ್ಣ ಯಂತ್ರ ಹಿಡಿದು ಪಾದದ ಸುತ್ತ ನಿಧಾನವಾಗಿ ಸುತ್ತು ಹಾಕಿದಳು, ಕಂಪ್ಯೂಟರಿಗೆ ಅಳತೆ ಬೇಕಂತೆ. ಅದನ್ನು ಪ್ರದಕ್ಷಿಣೆ ಎಂದುಕೊಂಡು ಓಣಿಯ ಇಬ್ಬರು ಹೆಂಗಸರು ಕೈಮುಗಿದು ಅವಳ ಹಿಂದೆಯೇ ಸುತ್ತಿದರು. ಸಂಜೆಗೆ ಪಾದ ಲಾರಿ ಏರಿತು, ಆಯಿಯ ಸೀರೆಯೂ ಅದರೊಂದಿಗೆ ಹೋಯಿತು.

ಆಮೇಲಿನ ಒಂದು ವರ್ಷ ನಾನು ಸೂಡಿಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ. ಹೋದರೆ ಓಣಿಯ ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ: "ಯಾವಾಗ ಬರ್ತೈತ್ರಿ ನಮ್ಮ ಕೌದಿ?" ದೊಡ್ಡವ್ವ ಮಾತ್ರ ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದಳು. ಆ ನಗು ನನ್ನನ್ನು ಹಿಂಡುತ್ತಿತ್ತು. ಚಳಿಗಾಲದಲ್ಲಿ ಆಕೆ ತೆಳ್ಳನೆಯ ಚಾದರ ಹೊದ್ದು ಕೂತದ್ದನ್ನು ಕಂಡಾಗ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಸಿನಿಮಾ ಕಡೆಗೂ ಬಂತು. ಇಡೀ ಓಣಿ ಎರಡು ಟಂಟಂ ಆಟೋ ತುಂಬಿಕೊಂಡು ಗಜೇಂದ್ರಗಡದ ಟಾಕೀಸಿಗೆ ಬಂದಿಳಿಯಿತು. ನಾನು ದೊಡ್ಡವ್ವನ ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ನಮ್ಮ ಗುಡ್ಡ ನಡುಗಿತು, ನೆಲ ಬಿರಿಯಿತು. ನಾನು ಕಣ್ಣು ಮುಚ್ಚಿದೆ.

"ಯವ್ವಾ, ಕೌದಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಕಣ್ಣು ಬಿಟ್ಟೆ. ದೈತ್ಯ ಎದ್ದು ನಿಂತಿದ್ದ. ಪಾದದಿಂದ ನೆತ್ತಿಯವರೆಗೆ, ಮೊಣಕಾಲು, ಎದೆ, ಕೊರಳು, ಎಲ್ಲೆಲ್ಲೂ ಸಾಲುಸಾಲು ಹೊಲಿಗೆ. ನಾನು ಸೊಟ್ಟ ಎಂದಿದ್ದ ಹೊಲಿಗೆಗಳೇ, ಒಂದೊಂದೂ ಗಾಡಿಯ ದಾರಿಯಷ್ಟು ಅಗಲ. ಕಂಪ್ಯೂಟರು ಆ ಪಾದವನ್ನು ಅಳಿಸಿತ್ತು, ಆದರೆ ಅದರ ಚರ್ಮವನ್ನೇ ಅಚ್ಚು ತೆಗೆದುಕೊಂಡು ಇಡೀ ಮೈಗೆ ಹೊದಿಸಿತ್ತು. ಹೋಳಿಗೆಯ ಉಬ್ಬನ್ನೂ ಬಿಟ್ಟಿರಲಿಲ್ಲ. ಹೆಗಲ ಮೇಲೊಂದು, ತೊಡೆಯ ಮೇಲೊಂದು, ಬೆನ್ನ ತುಂಬ ಹತ್ತಾರು. ಓಣಿಯವರು ಎದ್ದು ನಿಂತು ಕೂಗಾಡುತ್ತಿದ್ದರು, ಅದು ನನ್ನ ಸಾಲು, ಇದು ನಿನ್ನ ಸಾಲು ಎಂದು.

ದೊಡ್ಡವ್ವ ಬೆರಗಾಗಿ ನೋಡುತ್ತಿದ್ದಳು. "ಅಳಸ್ತಾರ ಅಂತ ಹೇಳಿತ್ತಲ್ಲೋ ಆ ಹುಡುಗಿ" ಎಂದಳು.

"ನಿನಗ ಗೊತ್ತಿತ್ತೇನ?"

"ಅಕಿ ಸೂಡಿಗೆ ಬಂದ ದಿನಾನ ಹೇಳಿದ್ಲು."

"ಮತ್ತ ಆಯಿ ಸೀರಿ ಯಾಕ ಹರದಿ?"

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀ ಮೂರ ದಿನ ಅಂತ ಮಾತ ಕೊಟ್ಟ ಬಂದಿದ್ದಿ. ಹೊಲ್ಯಾಕ ಅರಿವಿ ಕಮ್ಮಿ ಬಿತ್ತು. ಏನ ಮಾಡ್ಲಿ?"

ವರ್ಷವಿಡೀ ನಾನು ಆಕೆಯಿಂದ ಮುಚ್ಚಿಟ್ಟದ್ದನ್ನು ಆಕೆ ನನ್ನಿಂದ ಮುಚ್ಚಿಟ್ಟಿದ್ದಳು. ಕೊನೆಯಲ್ಲಿ ದೈತ್ಯ ಸತ್ತು ಬಿದ್ದಾಗ ಟಾಕೀಸೆಲ್ಲ ಸಿಳ್ಳೆ ಹೊಡೆಯಿತು, ನಮ್ಮ ಎರಡು ಸಾಲು ಮಾತ್ರ ಲೊಚಗುಟ್ಟಿತು. "ಉಂಡಾದ್ರೂ ಹೋತು, ಪಾಪ" ಎಂದಳು ದೊಡ್ಡವ್ವ.

ಮಾರನೆಯ ದಿನ ನಾನು ನನ್ನವ್ವನ ಎರಡು ಸೀರೆ ತೆಗೆದುಕೊಂಡು ಸೂಡಿಗೆ ಹೋದೆ. ಆಯಿಯ ಸೀರೆಯಂತೂ ಮರಳಿ ಬರುವುದಿಲ್ಲ, ತಂಗಿಯ ಸೀರೆಯ ಕೌದಿಯಾದರೂ ಆಕೆಯ ಮೈಮೇಲಿರಲಿ ಎಂದು. ಮಷೀನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದೆ. ಕಟ್ಟೆಯ ಮೇಲೆ ಆಕೆಯ ಎದುರೇ ಕೂತು, ಕೈಸೂಜಿ ಹಿಡಿದು, ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡು, ಉದ್ದುದ್ದ ಹೊಲಿಗೆಯ ಮೊದಲ ಸಾಲು ಮುಗಿಸಿದೆ. ದೊಡ್ಡವ್ವ ಕನ್ನಡಕ ಏರಿಸಿ, ಸಾಲಿನುದ್ದಕ್ಕೂ ಬೆರಳಾಡಿಸಿದಳು.

"ಇದನ್ನ ಹೊಚಗೊಳ್ಳಾಕಿ ನಾನು, ದೈತ್ಯ ಅಲ್ಲ" ಎಂದಳು. "ಬಿಚ್ಚು."