ತೆಪ್ಪದವನ ಮಗಳು ಹಡಗಿನವರನ್ನು ಎಬ್ಬಿಸಿದ್ದು

ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹಿಂದೆ ನನ್ನ ಗೇಮ್ ಅಂಗಡಿ. ಕಾರು ಓಡಿಸುವ, ಗುಂಡು ಹಾರಿಸುವ ಹುಡುಗರ ಕಿರುಚಾಟ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಅಂಥ ಕಡೆ ಪಾಲಹಳ್ಳಿಯ ಯಶೋಧರಾ ಬಂದು, "ಪಾಷಣ್ಣ, ಆ ವಿಆರ್ ಕನ್ನಡಕ ನಂಗೆ ಒಂದ್ವಾರ ಬೇಕು ಕಣಣ್ಣ" ಅಂದಾಗ ನಗು ಬಂತು. ಅವಳು ನಗಲಿಲ್ಲ.

ಹೋಟೆಲಿನಲ್ಲಿ ರೂಮು ನೋಡಿಕೊಳ್ಳುತ್ತಿದ್ದ ಈ ಹೆಣ್ಣುಮಗಳಿಗೆ ಪ್ರವಾಸಿಗರ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ಹತ್ತುವ ಮುಂಚೆ ಒಂದು ಪರೀಕ್ಷೆ. ಪರೀಕ್ಷೆ ಅಂದರೆ ಆಟವೇ! ಕನ್ನಡಕ ಹಾಕಿಕೊಂಡರೆ ಹಡಗಿನ ಒಳಗೇ ನಿಂತ ಹಾಗಿರುತ್ತದೆ. ಗಂಟೆ ಹೊಡೆಯುತ್ತದೆ, ಹಡಗು ವಾಲುತ್ತದೆ, ನೀರು ನುಗ್ಗುತ್ತದೆ. ದೊಡ್ಡ ಕೋಣೆಯಲ್ಲಿ ಕುಳಿತ ಪ್ರಯಾಣಿಕರನ್ನು ಎಬ್ಬಿಸಿ, ಮೆಟ್ಟಿಲು ಹತ್ತಿಸಿ, ಮೇಲಿರುವ ದೋಣಿಗಳ ಹತ್ತಿರ ಸೇರಿಸಬೇಕು. ಕೊಚ್ಚಿಯಲ್ಲಿ ಒಂದು ಸಲ ಫೇಲಾಗಿ ಬಂದಿದ್ದಳು. ಬರುವ ಸೋಮವಾರ ಅಲ್ಲಿ ಮತ್ತೆ ಫೇಲಾದರೆ ಆ ಕೆಲಸ ಬೇರೆಯವರ ಪಾಲು.

ಕಂಪನಿಯವರು ಅಭ್ಯಾಸಕ್ಕೆಂದು ಕೊಟ್ಟ ಆಟವನ್ನು ಹಾಕಿಕೊಟ್ಟೆ. ಅವಳಿಗೆ ಕಾಣುವುದೆಲ್ಲ ನನಗೆ ಟಿವಿಯಲ್ಲಿ ಕಾಣುತ್ತಿತ್ತು. ಹಡಗು ವಾಲಿದ್ದೇ ತಡ, ಎರಡೂ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಒತ್ತಿದಳು. "ಕೂತ್ಕಳಿ! ಯಾರೂ ಏಳ್ಬೇಡಿ!" ಆಟ ಕೈಸನ್ನೆಯನ್ನು ಗುರುತಿಸುತ್ತದೆ. ಪಾಪ, ಜನ ಹೇಳಿದಂತೆ ಕುಳಿತರು. ನೀರು ಬಂದು ಎಲ್ಲರನ್ನೂ ಮುಚ್ಚಿತು.

"ಯಾ ಅಲ್ಲಾ! ಎಬ್ಬಿಸಮ್ಮ ಅಂದ್ರೆ ಕೂರಿಸ್ತೀಯಲ್ಲ!"

"ಕೈ ತಾನಾಗೇ ಕೆಳಕ್ಕೋಯ್ತದೆ ಕಣಣ್ಣ, ನಾನೇನ್ ಮಾಡ್ಲಿ?"

ಅವಳಪ್ಪ ಸಿದ್ದರಾಜು ಹೊಳೆಯಲ್ಲಿ ತೆಪ್ಪ ಹಾಕುವವನು. ತೆಪ್ಪ ಅಲ್ಲಾಡಿದಾಗ ಒಬ್ಬ ಎದ್ದರೂ ಎಲ್ಲರೂ ನೀರಿಗೆ. ಚಿಕ್ಕಂದಿನಿಂದ ಅಪ್ಪನ ಜೊತೆ ಕುಳಿತು, ಹೆದರಿದವರನ್ನು ಅದೇ ಕೈಯಿಂದ, ಅದೇ ಮಾತಿನಿಂದ ಕೂರಿಸಿದವಳು ಇವಳು. ಈಗ ಬಿಡು ಅಂದರೆ ಆ ಕೈ ಕೇಳಬೇಕಲ್ಲ!

ದಿನವೂ ಅದೇ ಪಾಡು. ಬಾಗಿಲಿಂದ ಗಲ್ಲಾದವರೆಗೆ ಓಡಾಡುವಳು, ಟೀ ಅರ್ಧ ಕುಡಿದು ಮರೆಯುವಳು, ಮತ್ತೆ ಕನ್ನಡಕ ಹಾಕುವಳು, ಮತ್ತೆ ಕೂರಿಸುವಳು. ನಾನು ಬೈದೆ, ಅವಳು ಅತ್ತಳು, ನನಗೆ ನನ್ನ ಮೇಲೇ ಸಿಟ್ಟು ಬಂತು. ಶನಿವಾರ ತಡೆಯಲಾರದೆ ಹೊಳೆದಂಡೆಗೆ ಹೋಗಿ ಸಿದ್ದರಾಜುವನ್ನೇ ಎಳೆದು ತಂದೆ.

"ನೀರ್ ಮ್ಯಾಲೆ ಎದ್ದೇಳಿ ಅನ್ನೋಕ್ ಹೇಳ್ಕೊಡ್ತಾರಾ? ಯಾವ ತಲೆಕೆಟ್ಟೋನ್ಲಾ ಅವ್ನು?" ಎಂದು ಸಿಡುಕಿದ.

"ಮಾತು ಬೇಡ. ಹಾಕ್ಕೊಂಡು ನೋಡು," ಎಂದೆ.

ಹಾಕಿಕೊಂಡ. ಹಡಗು ವಾಲಿತು. "ಕೂತ್ಕಳ್ರೋ!" ಎಲ್ಲರೂ ಕುಳಿತರು. ತೆಪ್ಪವಾಗಿದ್ದರೆ ಅಷ್ಟರಲ್ಲಿ ಸಮವಾಗುತ್ತಿತ್ತು. ಇದು ಆಗಲಿಲ್ಲ. ಎದುರಿಗಿದ್ದ ಮುದುಕಿಯ ಎದೆಮಟ್ಟಕ್ಕೆ ನೀರು ಬಂದರೂ ಅವಳು ಇವನನ್ನೇ ನೋಡುತ್ತ ಕುಳಿತಿದ್ದಳು. ಸಿದ್ದರಾಜು ಕನ್ನಡಕ ಕಿತ್ತು ನನ್ನ ಕೈಗೆ ತುರುಕಿದ. "ಆವಮ್ಮ ನನ್ ಮಾತ್ ನಂಬ್ಕಂಡು ಕೂತಿತ್ತಲ್ಲೋ ಪಾಷಾ," ಎಂದ.

ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದು ಮಗಳ ಮುಂದೆ ಕುಳಿತ. "ಎಬ್ಬಿಸವ್ವ ನನ್ನ."

"ಏಳಪ್ಪ."

"ಅಂಗಂದ್ರೆ ಯಾರವ್ವ ಏಳ್ತಾರೆ?"

ಅವಳ ಅಂಗೈ ಇನ್ನೂ ಕೆಳಗೇ ನೋಡುತ್ತಿತ್ತು. ಅವನೇ ಅದನ್ನು ಹಿಡಿದು ಮೇಲಕ್ಕೆ ತಿರುಗಿಸಿದ. ಮತ್ತೆ ಹೇಳಿದಳು, ಅವನು ಕದಲಲಿಲ್ಲ. ಅದೆಷ್ಟು ಸಲವೋ! ಕೊನೆಗೆ ಅವಳಿಗೆ ರೇಗಿಹೋಯಿತು. "ಎದ್ದೇಳಪ್ಪೋ! ಸತ್ತೋಯ್ತೀಯ!" ಎಂದು ಕಿರುಚಿ, ರಟ್ಟೆ ಹಿಡಿದು ಎತ್ತಿದ ರಭಸಕ್ಕೆ ಕುರ್ಚಿ ಉರುಳಿತು. ಆಡುತ್ತಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಅಪ್ಪ ಮಗಳು ಅತ್ತರು. ಮುಚ್ಚಿಡುವುದೇನು, ನಾನೂ ಅತ್ತೆ.

ಸೋಮವಾರ ಅವಳು ಕೊಚ್ಚಿಯಲ್ಲಿ ಪರೀಕ್ಷೆ ಕೊಡುತ್ತಿದ್ದರೆ ನನಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಫೋನು ಹಿಡಿದು ಹೊಳೆದಂಡೆಗೆ ಹೋದೆ. ಸಿದ್ದರಾಜುವಿಗೂ ಜೀವ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಬಾ ಪಾಷಾ, ಒಂದ್ ಸುತ್ತು ಹೋಗ್ಬರನ," ಎಂದ. ಈಜು ಬಾರದ ನಾನು ಅಂದು ಹೇಗೆ ತೆಪ್ಪ ಹತ್ತಿದೆನೋ, ಅಲ್ಲಾನೇ ಬಲ್ಲ. ನಡುಹೊಳೆಯಲ್ಲಿ ಫೋನು ಸದ್ದು ಮಾಡಿತು. ಯಶೋಧರಾಳ ಮೆಸೇಜು. ಗಟ್ಟಿಯಾಗಿ ಓದಿದೆ: "ಎಲ್ರೂ ಎದ್ರು ಪಾಷಣ್ಣ. ಒಬ್ರನ್ನೂ ಬುಡ್ಲಿಲ್ಲ. ಅಪ್ಪಂಗೆ ಯೋಳು."

ತೆಪ್ಪದಲ್ಲಿ ಜೀವಮಾನದಲ್ಲೇ ಯಾರನ್ನೂ ಏಳಗೊಡದ ಸಿದ್ದರಾಜು ಕೈಲಿದ್ದ ಹುಟ್ಟು ಬಿಟ್ಟು ಎದ್ದು ನಿಂತುಬಿಟ್ಟ. ತೆಪ್ಪ ಗಡಗಡ ಅಲ್ಲಾಡಿತು. ನಾನು ಅಂಚು ತಬ್ಬಿಕೊಂಡು, "ಕೂತ್ಕೊಳ್ಳಯ್ಯಾ ಮಾರಾಯ, ಕೂತ್ಕೋ!" ಎಂದು ಬಾಯಿ ಬಾಯಿ ಬಡಿದುಕೊಂಡೆ.

ಅವನು ಕೂರಲಿಲ್ಲ.