ಮೊದಲು ಬಡಿಸಿದ ಐಸ್ ವೈನ್

ಆ ಶನಿವಾರ ಬೆಳಿಗ್ಗೆಯಿಂದ ಗೋಳಿಬಜೆಯ ಹಿಟ್ಟಿನ ಮುಚ್ಚಳವನ್ನು ಎಷ್ಟು ಸಲ ತೆಗೆದು ನೋಡಿದೆನೋ. ನೋಡಿದರೆ ಹಿಟ್ಟು ಬೇಗ ಉಬ್ಬುತ್ತದೆಯೇ? ಗೊತ್ತಿದ್ದೂ ನೋಡುತ್ತಿದ್ದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಇಲ್ಲದಿದ್ದರೆ ಗಂಡನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ನೆದರ್ಲೆಂಡ್ಸಿನ ದ ಹೇಗ್‌ನಲ್ಲಿ ಟ್ರಾಮ್ ತಿರುಗುವ ಮೂಲೆಯ ಒಂದು ವೈನ್ ಅಂಗಡಿಯಲ್ಲಿ ನಾನು ಆಗ ತಾತ್ಕಾಲಿಕ ಕೆಲಸಕ್ಕಿದ್ದೆ. ಉಡುಪಿಯ ನಮ್ಮ ಮನೆಯಲ್ಲಿ ಕುಡಿಯುವುದೆಂದರೆ ಮಜ್ಜಿಗೆ. ಅದಕ್ಕೆ ಶುಂಠಿ ಹೆಚ್ಚಾದರೆ ಅಪ್ಪ ಮೂಗು ಮುರಿಯುತ್ತಿದ್ದರು. ಅಂಥ ಮನೆಯವಳು ಚೀಸ್ ಕತ್ತರಿಸಲು ಸೇರಿ, ಬಾಟಲಿಗಳ ಕಡೆಗೆ ಸರಿದು, ರುಚಿ ಪರೀಕ್ಷೆಗೆಂದು ಬಾಯಿಗೆ ಹಾಕಿದ ವೈನನ್ನು ಎಲ್ಲರೆದುರು ಬಕೆಟ್ಟಿಗೆ ಉಗುಳುವುದನ್ನೂ ಕಲಿತೆ. ಮೊದಲ ಸಲ ಉಗುಳಿದಾಗ, ಎಂಜಲು ಎಂದರೆ ಮೈ ಮುದುಡಿಕೊಳ್ಳುವ ಅಮ್ಮ ಕಣ್ಣ ಮುಂದೆ ಬಂದರು. ಆಮೇಲೆ ಅಭ್ಯಾಸವಾಯಿತು.

ಅಂಗಡಿಯ ಒಡತಿ ಅರವತ್ತು ದಾಟಿದ ಡಚ್ ಹೆಂಗಸು, ಉದ್ದ ಆಳು, ಮಾತು ಕಡಿಮೆ. ಆಕೆ ಕೆನಡಾದ ವೈನ್ ತರಿಸಿ ಕೈ ಸುಟ್ಟುಕೊಂಡಿದ್ದರು. ಬಂದವರೆಲ್ಲ ಕೆನಡಾ ಎಂದ ಕೂಡಲೇ ಹಿಮದಲ್ಲಿ ದ್ರಾಕ್ಷಿ ಬೆಳೆಯುತ್ತದೆಯೇ ಎಂದು ನಕ್ಕು ಇಟಲಿಯ ಬಾಟಲಿ ಎತ್ತಿಕೊಂಡು ಹೋಗುತ್ತಿದ್ದರು. "ಒಂದು ಶನಿವಾರ ಗಿರಾಕಿಗಳನ್ನು ಕರೆದು, ನಿನ್ನೂರಿನ ತಿಂಡಿಯ ಜೊತೆ ಇವನ್ನು ರುಚಿ ತೋರಿಸು. ಸರಿಹೋದರೆ ಸೆಪ್ಟೆಂಬರಿನಿಂದ ಗಿರಾಕಿಗಳಿಗೆ ರುಚಿ ತೋರಿಸುವ ಮೇಜು ಪೂರ್ತಿ ನಿನ್ನದೇ, ಖಾಯಂ," ಎಂದರು. ಈ ದೇಶಕ್ಕೆ ಬಂದ ಮೇಲೆ ನನ್ನದೇ ಎನ್ನುವಂಥದ್ದು ಸಿಗುವ ಹಾಗಿದ್ದದ್ದು ಇದೊಂದೇ.

ಅದೇ ಹೊತ್ತಿಗೆ ಗಂಡನಿಗೂ ಕೆನಡಾದಿಂದಲೇ ಕರೆ ಬಂದಿತ್ತು. ಕೆಲಸ, ಮನೆ, ಹತ್ತಿರದಲ್ಲೇ ಸಮುದ್ರದಂಥ ಸರೋವರ, ಬೀದಿ ತುಂಬ ನಮ್ಮವರು, ಡಚ್ ಭಾಷೆಯ ಪರೀಕ್ಷೆಯ ಕಾಟವಿಲ್ಲ. ದಿನವೂ ಊಟಕ್ಕೆ ಕೂತಾಗ ಒಂದೊಂದೇ ಹೇಳುತ್ತಿದ್ದ. ಅವನ ಹಿಂದೆ ಮೈಸೂರಿಗೆ ಬಂದವಳು, ಅಲ್ಲಿಂದ ಈ ದೇಶದ ನೈಮೆಗನ್‌ಗೆ, ನೈಮೆಗನ್‌ನಿಂದ ಇಲ್ಲಿಗೆ ಬಂದವಳು ನಾನು. ಪ್ರತಿ ಸಲವೂ ಮಸಾಲೆ ಡಬ್ಬಿಗಳಿಗೆ ಹೊಸ ಕಪಾಟು ಹುಡುಕಿದವಳೂ ನಾನೇ. ಹೂಂ ಎನ್ನಲಾರೆ, ಊಹೂಂ ಎಂದರೆ ಅವನ ಮುಖ ನೋಡಲಾರೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡೇ ಮೂರು ವಾರ ಓಡಾಡಿದ್ದೆ. ಹಗಲೆಲ್ಲ ಅಂಗಡಿಯಲ್ಲಿ ಕೆನಡಾವನ್ನು ಹೊಗಳುವುದು, ಸಂಜೆ ಮನೆಗೆ ಬಂದು ಅದೇ ಕೆನಡಾದ ಹೆಸರಿಗೆ ಸಿಡುಕುವುದು. ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು.

ವೈನು, ತಿಂಡಿಗಳ ಜೋಡಿಗಳನ್ನು ಮಾತ್ರ ಚೆನ್ನಾಗಿಯೇ ಕೂಡಿಸಿದ್ದೆ. ನೋವಾ ಸ್ಕೋಷಿಯಾದ ನೊರೆವೈನಿಗೆ ಗೋಳಿಬಜೆ. ಎಣ್ಣೆಯ ಜಿಡ್ಡನ್ನು ಆ ಗುಳ್ಳೆಗಳು ನಾಲಿಗೆಯಿಂದ ಎಬ್ಬಿಸಿಬಿಡುತ್ತವೆ. ನಯಾಗರಾ ಕಡೆಯ ರೀಸ್ಲಿಂಗ್ ಹುಳಿ ಮುಂದಾದ ಬಿಳಿ ವೈನು. ಅದಕ್ಕೆ ಮಾವಿನಕಾಯಿ ತುರಿದ ಹೆಸರುಬೇಳೆ ಕೋಸಂಬರಿ. ಅಲ್ಲಿಯದೇ ಕಬರ್ನೇ ಫ್ರಾಂಕ್ ಎಂಬ ಕೆಂಪು ವೈನಿಗೆ ಹಸಿ ದೊಣ್ಣೆಮೆಣಸಿನ ವಾಸನೆ. ಎಳ್ಳು ಹುರಿದು ಹಾಕಿದ ಬದನೆಕಾಯಿ ಎಣ್ಣೆಗಾಯಿಗೆ ಅದಕ್ಕಿಂತ ಒಳ್ಳೆಯ ಸಂಗಾತಿ ನಾನು ಕಂಡಿಲ್ಲ. ಕೊನೆಗೆ ಐಸ್ ವೈನ್. ಬಳ್ಳಿಯಲ್ಲೇ ಹೆಪ್ಪುಗಟ್ಟುವವರೆಗೆ ಬಿಟ್ಟು, ಆ ಚಳಿಯಲ್ಲೇ ಕಿತ್ತು ಹಿಂಡಿದ ದ್ರಾಕ್ಷಿಯದು, ಜೇನಿನಷ್ಟು ಸಿಹಿ. ಅದಕ್ಕೆ ಹಯಗ್ರೀವ, ಪಕ್ಕದಲ್ಲಿ ಹಳೆಯ ಗಟ್ಟಿ ಚೀಸಿನ ಒಂದು ಚೂರು.

ಮಧ್ಯಾಹ್ನ ಪಾತ್ರೆಗಳನ್ನು ಟ್ರಾಮ್‌ನಲ್ಲಿ ಹೊತ್ತು ತಂದವನು ಗಂಡನೇ. ಇಂಗಿನ ಘಮಕ್ಕೆ ಎದುರು ಕೂತಿದ್ದ ಅಜ್ಜಿ ಜಾಗ ಬದಲಿಸಿದಾಗ, "ನೋಡು, ನಿನ್ ಫಸ್ಟ್ ರಿವ್ಯೂ ಬಂತು," ಎಂದು ಕಿಚಾಯಿಸಿದ. ನನಗೆ ನಗು ಬರಲಿಲ್ಲ.

ಅತಿಥಿಗಳು ಬಂದು ಉದ್ದ ಮೇಜಿನ ಸುತ್ತ ಕೂತರು. ನಾನು ಎಲ್ಲರ ಮುಂದೆ ತಟ್ಟೆಯಿಟ್ಟು, ತಟ್ಟೆಯ ತುದಿಗೆ ಒಂದು ಚಮಚ ಹಯಗ್ರೀವ ಬಡಿಸಿದೆ. ಗಂಡ ನನ್ನ ಹಿಂದೆಯೇ ಪುಟ್ಟ ಲೋಟಗಳಿಗೆ ಐಸ್ ವೈನ್ ಸುರಿಯುತ್ತ ಬಂದ. ಇಬ್ಬರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಮ್ಮಲ್ಲಿ ಎಲೆಗೆ ಮೊದಲು ಬೀಳುವುದೇ ಸಿಹಿ. ತುದಿಗೆ ಪಾಯಸ ಬೀಳದೆ ಊಟ ಶುರುವಾದದ್ದನ್ನು ನಾವಿಬ್ಬರೂ ಕಂಡವರಲ್ಲ. ಕೊನೆಗೆ ಎಂದು ತಿಂಗಳಿಂದ ತಲೆಯಲ್ಲಿ ಜೋಡಿಸಿಟ್ಟಿದ್ದೇನೋ ನಿಜ, ಬಡಿಸಲು ನಿಂತ ಕೈ ಮಾತ್ರ ಅಮ್ಮನ ಕೈಯಾಗಿಬಿಟ್ಟಿತ್ತು.

ಮೊದಲ ಗುಟುಕಿಗೆ ಎಲ್ಲರೂ ಕಣ್ಣು ಮುಚ್ಚಿ ಆಹಾ ಎಂದರು. ಆಮೇಲೆ ನೊರೆವೈನು ಕುಡಿದವರು ಮುಖ ಕಿವುಚಿದರು. ರೀಸ್ಲಿಂಗ್ ಬರೀ ನಿಂಬೆನೀರು. ಕೆಂಪು ವೈನನ್ನು ಒಬ್ಬ ಗಡ್ಡದವನು ನುಂಗದೆ ಬಕೆಟ್ಟಿಗೆ ಬಿಟ್ಟು, "ಕಹಿ," ಎಂದ. ಸಿಹಿ ಕೂತ ನಾಲಿಗೆಯ ಮೇಲೆ ಬೇರೆ ಯಾವುದೂ ನಿಲ್ಲುವುದಿಲ್ಲ ಎಂಬ ಪಾಠವನ್ನು ಗಿರಾಕಿಗಳಿಗೆ ದಿನವೂ ಹೇಳುವವಳು ನಾನು. ಒಡತಿ ಬಾಗಿಲ ಬಳಿ ಕೈ ಕಟ್ಟಿ ನಿಂತು ನೆಲ ನೋಡುತ್ತಿದ್ದರು. ನನ್ನ ಸೆಪ್ಟೆಂಬರ್ ಆ ಬಕೆಟ್ಟಿಗೆ ಬಿದ್ದಿತೆಂದು ಕಣ್ಣು ತುಂಬಿ ಬಂತು.

"ಸಾರು ಇದೆ ಕಣೇ," ಎಂದ ಗಂಡ, ಕಿವಿಯ ಹತ್ತಿರ.

ನಮ್ಮಿಬ್ಬರ ಊಟಕ್ಕೆಂದು ಡಬ್ಬಿಯಲ್ಲಿ ತಂದಿದ್ದ ಅನ್ನ, ತಿಳಿಸಾರು. ನಾನು ಲೋಟಗಳನ್ನು ಎತ್ತುತ್ತಿರುವಾಗಲೇ ಅವನು ಹಿಂದಿನ ಕೋಣೆಗೆ ಹೋಗಿ ಬಿಸಿ ಮಾಡಿ ತಂದ. ಒಬ್ಬೊಬ್ಬರಿಗೂ ಎರಡೆರಡು ತುತ್ತು ಬಂತು. "ನಮ್ಮಲ್ಲಿ ಸಿಹಿಯ ಮೇಲೆ ಇದು ಬೀಳಲೇಬೇಕು, ಊಟ ಶುರುವಾಗುವುದೇ ಈಗ," ಎಂದು ಡಚ್ಚಿನಲ್ಲಿ ಹೇಳಿದೆ. ಅರ್ಧ ಸತ್ಯ, ಅರ್ಧ ಧೈರ್ಯ. ಅವರು ಹುಬ್ಬೇರಿಸಿ ತಿಂದರು, ನೀರು ಕುಡಿದರು. ಅವರನ್ನು ಒಂದಷ್ಟು ಹೊತ್ತು ಸುಮ್ಮನೆ ಮಾತಿಗೆ ಬಿಟ್ಟು, ಗೋಳಿಬಜೆಯನ್ನು ಮತ್ತೆ ಬಿಸಿ ಮಾಡಿ ನೊರೆವೈನಿನಿಂದ ಹೊಸದಾಗಿ ಶುರು ಮಾಡಿದೆ. ಎಣ್ಣೆಗಾಯಿಯ ಹೊತ್ತಿಗೆ ಗಡ್ಡದವನು ಲೋಟ ಮುಂದೆ ಚಾಚಿದ. ಹೋಗುವಾಗ ಆರು ಬಾಟಲಿ ಕೊಂಡ.

ಲೋಟ ತೊಳೆಯುವಾಗ ಒಡತಿ ಕೇಳಿದರು, "ಹಾಗಾದರೆ, ಸೆಪ್ಟೆಂಬರ್?"

ನಾನು ಗಂಡನನ್ನು ನೋಡಿದೆ. ಅವನು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದ. "ಸೋಮವಾರ ಹೇಳುತ್ತೇನೆ," ಎಂದೆ.

ಟ್ರಾಮ್‌ನಲ್ಲಿ ಖಾಲಿ ಪಾತ್ರೆಗಳು ಮಡಿಲಲ್ಲಿ. ಅವನ ಮೇಲೆ ತುಂಬ ಪ್ರೀತಿ ಬಂದಿತ್ತು, ಅದನ್ನು ಬಚ್ಚಿಡುವುದಿಲ್ಲ. ಆ ಪ್ರೀತಿಯಲ್ಲೇ ಚುಡಾಯಿಸಿದೆ, "ನೀನೂ ಹಂಗೇ ಮಾಡ್ದೆ ನೋಡು. ಕೆನಡಾದ ಸಿಹಿನೆಲ್ಲ ಮೊದ್ಲೇ ಬಡಿಸ್ಬಿಟ್ಟೆ. ಈಗ ಉಳಿದದ್ದು ಬಡಿಸು."

ಅವನು ನಗಲಿಲ್ಲ. ಕಿಟಕಿಯ ಕಡೆ ತಿರುಗಿ, "ಆಫರ್ ಆಕ್ಸೆಪ್ಟ್ ಮಾಡ್ಬಿಟ್ಟಿದ್ದೀನಿ. ಹೋದ ವಾರ," ಎಂದ.

"ನಂಗೆ ಹೇಳ್ದೆ?"

"ನಿಂಗೆ ಈ ಟೇಸ್ಟಿಂಗ್ ಟೆನ್ಷನ್ ಇತ್ತಲ್ಲ. ಮುಗೀಲಿ, ಆಮೇಲೆ ಹೇಳೋಣ ಅಂತ."

ನನ್ನನ್ನು ಕೇಳಲಿಲ್ಲವಲ್ಲ ಎನ್ನುವುದಕ್ಕಿಂತ, ವಾರವಿಡೀ ಅದನ್ನು ಒಳಗಿಟ್ಟುಕೊಂಡು ಸರೋವರದ ಕಥೆ ಹೇಳುತ್ತಲೇ ಇದ್ದನಲ್ಲ ಎನ್ನುವುದು ಉರಿಯಿತು. ಪಾತ್ರೆಗಳನ್ನು ಅವನ ಮಡಿಲಿಗೆ ದಾಟಿಸಿ ಮುಂದಿನ ನಿಲ್ದಾಣದಲ್ಲಿ ಇಳಿದೆ. ಎದುರುಗಾಳಿ. ಅಂಗಡಿಯ ಕಡೆಗೆ ನಡೆದೆ ಎನ್ನುವುದಕ್ಕಿಂತ ಓಡಿದೆ. ಒಡತಿ ಬಾಗಿಲಿಗೆ ಬೀಗ ಹಾಕುತ್ತಿದ್ದರು. "ಸೆಪ್ಟೆಂಬರ್, ಹೌದು," ಎಂದೆ ಏದುಸಿರಿನಲ್ಲಿ. ಆಕೆ ನನ್ನ ಮುಖ ನೋಡಿ ಕೈ ಕುಲುಕಿದರು.

ಅವನು ಒಬ್ಬನೇ ಕೆನಡಾಕ್ಕೆ ಹೋಗಿ ವರ್ಷ ದಾಟಿತು. ಮೊದಲು ಒಂದು ವರ್ಷ ನೋಡೋಣ ಎಂದುಕೊಂಡಿದ್ದೆವು. ಈಗ ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನಾನು ಮಾರುವ ರೀಸ್ಲಿಂಗ್ ಬೆಳೆಯುವ ತೋಟ ಅವನ ಮನೆಯಿಂದ ಒಂದು ಗಂಟೆಯ ದಾರಿಯಂತೆ. ಗಿರಾಕಿಗಳಿಗೆ ಆ ಊರಿನ ಮಣ್ಣು, ಗಾಳಿ, ಸರೋವರ ಎಲ್ಲವನ್ನೂ ಕಂಡು ಬಂದವಳ ಹಾಗೆ ಬಣ್ಣಿಸುತ್ತೇನೆ. ಮೇಜಿನಲ್ಲಿ ಈಗ ಐಸ್ ವೈನ್ ಕೊನೆಗೇ ಬರುತ್ತದೆ. ಮನೆಗೆ ಬಂದರೆ ಮಾತ್ರ ಕೂತಲ್ಲಿ ಕೂರಲಾರೆ. ತಟ್ಟೆ ಕೈಯಲ್ಲಿ ಹಿಡಿದು ಓಡಾಡುತ್ತಲೇ ಉಣ್ಣುತ್ತೇನೆ.

ಮೊನ್ನೆ ಅವನು ವೀಡಿಯೊ ಕರೆ ಮಾಡಿ ಬಿಳಿ ಬಯಲಿನಲ್ಲಿ ಹೆಪ್ಪುಗಟ್ಟಿದ ಗೊಂಚಲುಗಳನ್ನು ತೋರಿಸಿದ. "ನೋಡಿದ್ಯಾ ಎಷ್ಟು ಚೆನ್ನಾಗಿದೆ. ಬಾರೇ ಒಂದ್ಸಲ," ಎಂದ.

"ಸಿಹಿ ಆಮೇಲೆ. ಮೊದ್ಲು ಹುಳಿ ಹೇಳು," ಎಂದೆ.

ಫೋನನ್ನು ಗೊಂಚಲುಗಳಿಂದ ತನ್ನ ಮುಖಕ್ಕೆ ತಿರುಗಿಸಿದ. "ಸಾರು ಮಾಡ್ಕೋತೀನಿ ಕಣೇ ದಿನಾ," ಎಂದ. "ಒಬ್ಬನೇ ಉಣ್ಣಕ್ಕಾಗಲ್ಲ. ಚೆಲ್ತೀನಿ."

ಅಂದಿನಿಂದ ಲ್ಯಾಪ್‌ಟಾಪಿನಲ್ಲಿ ವಿಮಾನದ ಟಿಕೆಟಿನ ಪುಟ ತೆರೆದೇ ಇದೆ. ಹೋಗುವ ದಿನ ತುಂಬಿದ್ದೇನೆ. ಹಿಂದಿರುಗುವ ದಿನದ ಜಾಗ ಖಾಲಿ ಬಿಟ್ಟು, ಎದ್ದು ಹೋಗಿ, ಮತ್ತೆ ಬಂದು ನೋಡುತ್ತೇನೆ.