ಗಿರಿಜಕ್ಕನ ಹೆಸರಿನಲ್ಲಿ ನನ್ನ ಚರ್ಮ

ಗಿರಿಜಕ್ಕ, ನಿಮ್ಮ ಹೆಸರು ಬರೆದು ನಾನು ಪರೀಕ್ಷೆ ಮಾಡಿದ ಚರ್ಮ ನಿಮ್ಮದಲ್ಲ, ನನ್ನದು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು — ನಾಚಿಕೆಯಾಗುತ್ತದೆ.

ಎರಡು ಸಾವಿರದ ಐದನೇ ಇಸವಿ. ಕೊಪ್ಪದಿಂದ ಬಸ್ಸು ಹಿಡಿದು ನಾರ್ವೆ ಎಂಬ ನಿಮ್ಮ ಹಳ್ಳಿಯ ಅಡಿಕೆ ಸುಲಿಯುವ ಶೆಡ್ಡಿಗೆ ಬಂದಾಗ ನಾನು ಎಂ.ಎಸ್ಸಿ. ವಿದ್ಯಾರ್ಥಿನಿ, ತಲೆ ತುಂಬ ಜಂಬ. ಚರ್ಮದ ಹೊರಪದರದಲ್ಲಿ, ಇಟ್ಟಿಗೆಗಳ ನಡುವಿನ ಗಾರೆಯಂತೆ, ಒಂದು ಬಗೆಯ ಜಿಡ್ಡು ಇರುತ್ತದೆ. ಹಸಿ ಅಡಿಕೆಯ ಚೊಗರು, ಅದನ್ನು ತಿಕ್ಕಿ ತೊಳೆಯುವ ಸೋಪು ಸೇರಿ ಆ ಜಿಡ್ಡನ್ನು ಕಳೆಯುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ಒಂಬತ್ತು ಹೆಂಗಸರ ಕೈಯ ಹಿಂಬದಿಗೆ ಅಂಟುಪಟ್ಟಿ ಒತ್ತಿ ಕಿತ್ತೆ; ಹೊರಪದರದ ತೆಳುಪೊರೆ ಅದಕ್ಕೆ ಅಂಟಿ ಬರುತ್ತದೆ. ಒಂಬತ್ತನೆಯವರು ನೀವು — ಮೂಲೆಯಲ್ಲಿ ಒಬ್ಬರೇ ಕೂತಿದ್ದಿರಿ, ಲೋಟವೂ ಬೇರೆ. ಬಿರಿದು ರಕ್ತ ಒಸರುವ ನಿಮ್ಮ ಕೈ ಕಂಡು ಉಳಿದವರಿಗೆ ಅಂಟುರೋಗದ ಹೆದರಿಕೆ.

"ಇದು ಕೆಲಸದಿಂದ ಆಗಿದ್ದೇ ಅಂತ ಒಂದು ಕಾಗದ ಬರ್ಕೊಡಿ ಮಾರಾಯ್ರೆ, ಅಷ್ಟೇ ಸಾಕು," ಅಂದಿರಿ. ನಾನು ಹೂಂ ಅಂದೆ.

ಲ್ಯಾಬಿನ ಗಾಜಿನ ಪ್ಲೇಟಿನ ಮೇಲೆ ಜಿಡ್ಡು ಬೇರೆ ಬೇರೆ ಗೆರೆಗಳಾಗಿ ಏರುತ್ತದೆ. ಎಂಟು ಜನರಲ್ಲಿ ಚರ್ಮದ ಸ್ವಂತ ಜಿಡ್ಡಿನ ಗೆರೆ ಮಸುಕಾಗಿತ್ತು. ನಿಮ್ಮದರಲ್ಲಿ ಬರೀ ಕೊಬ್ಬರಿ ಎಣ್ಣೆ! ಹಚ್ಚಬೇಡಿ ಎಂದು ಹೇಳಿ ಕಳಿಸಿದ್ದೆ. ಹೊರಗಿನವಳೊಬ್ಬಳು ಕೈ ಹಿಡಿಯುತ್ತಾಳೆ, ಒರಟಾಗಿ ಕಾಣಬಾರದು ಎಂದು ಹಚ್ಚಿಕೊಂಡು ಬಂದಿರಬೇಕು ನೀವು. ಆ ಕೈಯನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ... ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಅವತ್ತು ಬಂದದ್ದು ಸಿಟ್ಟು.

ಮತ್ತೊಮ್ಮೆ ಬರಬಹುದಿತ್ತು, ಒಂದು ದಿನದ ಕೆಲಸ. ಸೋಮವಾರ ವರದಿ ಒಪ್ಪಿಸಬೇಕಿತ್ತು — ಬೇಡ, ಆ ಮಾತು ಬಿಡುತ್ತೇನೆ. ಮೈಗಳ್ಳತನ, ಅಷ್ಟೇ. ನನ್ನ ಕೈಗೇ ಪಟ್ಟಿ ಅಂಟಿಸಿ ಕಿತ್ತು, ಮೇಲೆ ನಿಮ್ಮ ಹೆಸರು ಬರೆದೆ. ಒಂಬತ್ತರಲ್ಲಿ ಒಬ್ಬರದು ಹೆಚ್ಚುಕಡಿಮೆಯಾದರೆ ಏನು ಮಹಾ ಅಂದುಕೊಂಡೆ.

ಎಂಟು ಕಾಗದಗಳಲ್ಲಿ ಜಿಡ್ಡು ಕಡಿಮೆ ಎಂದು ಬರೆದೆ, ನಿಮ್ಮದರಲ್ಲಿ ಸಹಜವಾಗಿದೆ ಎಂದು. ಅಂಚೆಯಲ್ಲಿ ಬಂದ ಅದನ್ನು ನೀವು ಒಯ್ದು ಶೆಡ್ಡಿನ ಯಜಮಾನರ ಕೈಗೇ ಕೊಟ್ಟಿರಂತೆ. ಇದು ಕೆಲಸದಿಂದ ಬಂದದ್ದಲ್ಲ ಎಂದು ಅವರು ಓದಿ ಹೇಳಿದರಂತೆ. ನಾಳೆಯಿಂದ ಬರಬೇಡ ಅಂದರಂತೆ.

ಇದನ್ನೆಲ್ಲ ಎರಡು ವರ್ಷದ ಮೇಲೆ ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನಗೆ ಹೇಳಿದಿರಿ, ಸ್ವಲ್ಪವೂ ಬೇಸರವಿಲ್ಲದೆ. ಪಕ್ಕದಲ್ಲಿ ನಿಮ್ಮ ಮಗಳು, ಅವಳ ಕಂಕುಳಲ್ಲಿ ಕೂಸು. ಅದು ನಿಮ್ಮತ್ತ ಬಗ್ಗಿ ಎರಡೂ ಕೈ ಚಾಚಿತು. ನೀವು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿರಿ.

"ನಿಮ್ಮ ಮಿಷನ್ನು ಸುಳ್ಳು ಹೇಳ್ತದಾ? ನಂಗೇ ಬೇರೆ ಎಂತದೋ ಕಾಯಿಲೆ ಇರ್ಬೇಕು. ಈ ಕೂಸನ್ನ ಹುಟ್ಟಿದಾಗಿಂದ ನಾನು ಮುಟ್ಲಿಲ್ಲ."

ಹೇಳಲೆಂದೇ ಬಾಯಿ ತೆರೆದೆ. "ಬಸ್ಸು ಬಂತು" ಎಂದೆ. ಹತ್ತಿ ಕೂತೆ.

ಗಿರಿಜಕ್ಕ, ನಿಮ್ಮ ಚರ್ಮವನ್ನು ಯಾರೂ ಪರೀಕ್ಷೆ ಮಾಡಲೇ ಇಲ್ಲ. ಮಿಷನ್ನು ಸುಳ್ಳು ಹೇಳಲಿಲ್ಲ, ನಾನು ಹೇಳಿದೆ. ಈ ಭಾನುವಾರ ನಾರ್ವೆಗೆ ಬಂದು ಯಜಮಾನರ ಎದುರು, ನಿಮ್ಮ ಮಗಳ ಎದುರು ಇದನ್ನೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಕೂಸು ಎತ್ತಿಕೊಳ್ಳುವ ವಯಸ್ಸು ದಾಟಿ ಎಷ್ಟೋ ವರ್ಷವಾಗಿದೆ.